ಜಿ. ಎನ್. ರಾಮಚಂದ್ರನ್: ನೆರಳುಗಳಿಂದ ಮೆದುಳಿನ ಚಿತ್ರದವರೆಗೆ

ಮನುಷ್ಯನ ಮೆದುಳು ಹೇಗೆ ಕೆಲಸ ಮಾಡುತ್ತದೆಂಬುದನ್ನು ಅರಿಯಹೊರಟವರಿಗೆ ಬಹುಕಾಲ ಎದುರಾಗಿದ್ದ ಮೊದಲ ತೊಡಕು ತಲೆಬುರುಡೆ. ಜೀವವಿರುವಾಗ ಒಳಗನ್ನು ಕಾಣುವಂತಿಲ್ಲ. ಕಾಣಲು ಸಾಧ್ಯವಾಗುವ ವೇಳೆಗೆ ಜೀವವಿರುವುದಿಲ್ಲ. ಈ ಗಂಟು ಸಡಿಲಗೊಂಡದ್ದು 1971ರಲ್ಲಿ. ಆ ವರ್ಷದ ಸೆಪ್ಟೆಂಬರ್ ತಿಂಗಳಿನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಐದು ಪುಟಗಳ ಒಂದು ಪ್ರಬಂಧ ಪ್ರಕಟವಾಯಿತು. ಅದನ್ನು ಬರೆದವರು ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್. ಮರುತಿಂಗಳ ಮೊದಲ ದಿನ, ಅಕ್ಟೋಬರ್ 1ರಂದು, ಲಂಡನ್ನಿನ ವಿಂಬಲ್ಡನ್ ಭಾಗದಲ್ಲಿದ್ದ ಅಟ್ಕಿನ್‌ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ನಿರ್ಮಿಸಿದ ಯಂತ್ರವು ಒಬ್ಬ ಮಹಿಳೆಯ ಮೆದುಳಿನ ಅಡ್ಡಸೀಳಿನ ಚಿತ್ರವನ್ನು ತೆಗೆಯಿತು. ಶಸ್ತ್ರದ ಸ್ಪರ್ಶವಿಲ್ಲದೆ ಮೆದುಳಿನೊಳಗಿನ ಗೆಡ್ಡೆಯನ್ನು ಹೀಗೆ ಕಂಡದ್ದು ಅದೇ ಮೊದಲು. ಬೆಂಗಳೂರಿನ ಗಣಿತ, ಲಂಡನ್ನಿನ ಯಂತ್ರ ಎರಡೂ ಪರಸ್ಪರ ಸಂಬಂಧವಿಲ್ಲದೆ ಬೆಳೆದವು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಅವು ಒಂದನ್ನೊಂದು ಕೂಡಿಕೊಂಡವು.

ರಾಮಚಂದ್ರನ್ ಅವರ ಹೆಸರು ವಿಜ್ಞಾನದ ವಿದ್ಯಾರ್ಥಿಗಳಿಗೆ ಕೊಲ್ಯಾಜೆನ್ ಎಂಬ ಪ್ರೋಟೀನಿನ ರಚನೆಯಿಂದ, ಅವರದೇ ಹೆಸರಿನ ರಾಮಚಂದ್ರನ್ ನಕ್ಷೆಯಿಂದ ಪರಿಚಿತವಾಗಿದೆ. ಮೆದುಳಿನ ಅಧ್ಯಯನಕ್ಕೂ ಅವರಿಗೂ ಇರುವ ನಂಟು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅವರು ಮೆದುಳನ್ನು ಅಭ್ಯಾಸ ಮಾಡಿದವರಲ್ಲ, ಆಸ್ಪತ್ರೆಯ ಯಂತ್ರವನ್ನು ಕಟ್ಟಿದವರೂ ಅಲ್ಲ. ಆದರೂ ಮೆದುಳಿನ ಚಿತ್ರಣದ ಚರಿತ್ರೆಯಲ್ಲಿ ಅವರ ಹೆಸರಿನ ಅರ್ಧಭಾಗ ಅಳಿಸಲಾಗದಂತೆ ಉಳಿದುಕೊಂಡಿದೆ. ಇದು ಹೇಗಾಯಿತೆಂಬುದನ್ನು ತಿಳಿಯಲು ಅವರ ಬದುಕನ್ನು ಮೊದಲಿನಿಂದ ನೋಡುವುದು ಅಗತ್ಯ.

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಆಗಿನ ಕೊಚ್ಚಿ ಸಂಸ್ಥಾನದ ಎರ್ನಾಕುಲಂನಲ್ಲಿ. ತಂದೆ ಜಿ. ಆರ್. ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದು ಮುಂದೆ ಪ್ರಾಂಶುಪಾಲರಾದವರು. ತಾಯಿ ಲಕ್ಷ್ಮಿ ಅಮ್ಮಾಳ್. ಮನೆಯಲ್ಲಿಯೇ ದೊರೆತ ಗಣಿತದ ಸಂಸ್ಕಾರ ಮಗನಿಗೆ ಕೊನೆಯವರೆಗೂ ಬಂಡವಾಳವಾಯಿತು. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಪದವಿ ಮುಗಿಸಿ, 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬಂದದ್ದು ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ಭೌತವಿಜ್ಞಾನ ವಿಭಾಗದಲ್ಲಿದ್ದ ಸಿ. ವಿ. ರಾಮನ್ ಅವರ ಕಣ್ಣಿಗೆ ಈ ಹುಡುಗ ಬಿದ್ದನೆಂದೂ, ಎಂಜಿನಿಯರಿಂಗಿಗೆ ಈತ ಹೆಚ್ಚೇ ಜಾಣನೆಂದು ಹೇಳಿ ರಾಮನ್ ಅವನನ್ನು ತಮ್ಮ ಕಡೆಗೆ ಸೆಳೆದುಕೊಂಡರೆಂದೂ ಪ್ರತೀತಿಯುಂಟು. ಎಂಜಿನಿಯರಿಂಗ್ ಪ್ರಾಧ್ಯಾಪಕರಿಗೆ ಆ ಮಾತು ಹೇಗೆ ಕೇಳಿಸಿರಬೇಕೆಂಬುದನ್ನು ಪ್ರತೀತಿ ಹೇಳುವುದಿಲ್ಲ.

ರಾಮನ್ ಅವರಿಗೆ ಆ ಕಾಲದಲ್ಲಿ ವಜ್ರದ ಗೀಳು. ಶಿಷ್ಯನೂ ವಜ್ರವನ್ನೇ ಹಿಡಿದನು. ಸ್ಫಟಿಕದ ಮೇಲೆ ಕ್ಷ-ಕಿರಣಗಳನ್ನು ಬಿಟ್ಟು, ಚದರಿ ಬಂದ ಕಿರಣಗಳಿಂದ ಸ್ಫಟಿಕದ ಒಳಗಿನ ಏರುಪೇರುಗಳನ್ನು ಗುರುತಿಸುವ ಕೆಲಸ ಅದು. 1944ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಎಂ.ಎಸ್ಸಿ., 1947ರಲ್ಲಿ ಡಿ.ಎಸ್ಸಿ. ಪದವಿಗಳು ಬಂದವು, ನಡುವೆ 1945ರಲ್ಲಿ ರಾಜಲಕ್ಷ್ಮಿಯವರೊಡನೆ ವಿವಾಹವಾಯಿತು. ಆ ಬಳಿಕ ಎರಡು ವರ್ಷ ಕೇಂಬ್ರಿಡ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ವೂಸ್ಟರ್ ಅವರ ಬಳಿ ಕ್ಷ-ಕಿರಣಗಳ ಚದರಿಕೆಯಿಂದ ಸ್ಫಟಿಕಗಳ ಸ್ಥಿತಿಸ್ಥಾಪಕತ್ವವನ್ನು ಅಳೆಯುವ ಕೆಲಸ ಮಾಡಿ, 1949ರಲ್ಲಿ ಪಿಎಚ್.ಡಿ. ಪಡೆದು ಬೆಂಗಳೂರಿಗೆ ಮರಳಿದರು. 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಭೌತವಿಜ್ಞಾನ ವಿಭಾಗವನ್ನು ಕಟ್ಟಲು ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. ಆಗ ಅವರ ವಯಸ್ಸು ಮೂವತ್ತರ ಆಸುಪಾಸು.

ಮದರಾಸಿನ ಹದಿನೆಂಟು ವರ್ಷಗಳ ಸಾಧನೆಯೇ ಒಂದು ಗ್ರಂಥಕ್ಕೆ ವಸ್ತು. ಇಲ್ಲಿ ನಮಗೆ ಬೇಕಾದಷ್ಟನ್ನು ಮಾತ್ರ ಎತ್ತಿಕೊಳ್ಳಬಹುದು. ಅಲ್ಲಿಗೆ ಭೇಟಿಯಿತ್ತ ಬ್ರಿಟಿಷ್ ವಿಜ್ಞಾನಿ ಜೆ. ಡಿ. ಬರ್ನಾಲ್ ಅವರ ಸೂಚನೆಯಂತೆ ಕೊಲ್ಯಾಜೆನ್‌ನ ರಚನೆಯನ್ನು ಅವರು ಕೈಗೆತ್ತಿಕೊಂಡರು. ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಿಗುಪು ಕೊಡುವ ಪ್ರೋಟೀನ್ ಇದು. ಕಾಂಗರೂವಿನ ಬಾಲದ ಸ್ನಾಯುರಜ್ಜುವಿನಿಂದ ಒಳ್ಳೆಯ ಕ್ಷ-ಕಿರಣ ಚಿತ್ರಗಳು ದೊರೆತವು. ಗೋಪಿನಾಥ್ ಕರ್ತಾ ಅವರೊಡನೆ 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದು ಮೂರೆಳೆಯ ಹುರಿ ಎಂದು ಅವರು ತೋರಿಸಿದರು. ಮರುವರ್ಷ ಅದನ್ನು ತಿದ್ದಿ ಮೂರೆಳೆಗಳೂ ಮತ್ತೆ ಸುರುಳಿ ಸುತ್ತಿರುವ ರೂಪವನ್ನು ಕೊಟ್ಟರು. ಅಣುಗಳು ಒಂದರ ಮೈಗೆ ಒಂದು ತೀರ ಹತ್ತಿರ ಬಂದಿವೆಯೆಂದು ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಆಕ್ಷೇಪಿಸಿದರು. ಆಕ್ಷೇಪಕ್ಕೆ ಉತ್ತರ ಕೊಡುವುದಕ್ಕಿಂತ ದೊಡ್ಡ ಪ್ರಶ್ನೆಯನ್ನು ರಾಮಚಂದ್ರನ್ ಕೇಳಿಕೊಂಡರು: ಎಷ್ಟು ಹತ್ತಿರ ಬಂದರೆ ಅದು ತೀರ ಹತ್ತಿರ? ಅದರಿಂದ ಹುಟ್ಟಿದ್ದು 1963ರಲ್ಲಿ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ ಪ್ರಕಟಿಸಿದ ನಕ್ಷೆ. ಪ್ರೋಟೀನುಗಳ ಸರಪಳಿ ಯಾವ ಕೋನಗಳಲ್ಲಿ ಮಡಿಚಬಲ್ಲದು, ಯಾವ ಕೋನಗಳಲ್ಲಿ ಮಡಿಚಲಾರದು ಎಂಬುದನ್ನು ಅದು ಒಂದೇ ಚೌಕದಲ್ಲಿ ತೋರಿಸುತ್ತದೆ.

ವಜ್ರದಿಂದ ಪ್ರೋಟೀನಿನವರೆಗಿನ ಈ ಕೆಲಸಗಳಲ್ಲಿ ಹಾಯ್ದು ಬಂದ ಎಳೆಯೊಂದುಂಟು. ಸ್ಫಟಿಕವಿಜ್ಞಾನಿಗೆ ವಸ್ತುವಿನ ರೂಪ ನೇರವಾಗಿ ಕಾಣಿಸುವುದಿಲ್ಲ. ಅವನಿಗೆ ದೊರಕುವುದು ಫಲಕದ ಮೇಲಿನ ಚುಕ್ಕೆಗಳು, ಮಸುಕಾದ ಕಲೆಗಳು. ಅವುಗಳ ಹೊಳಪು ಗೊತ್ತು. ಆದರೆ ಅಲೆಗಳ ಹೆಜ್ಜೆ ಯಾವುದಿತ್ತೆಂಬುದು ಫಲಕಕ್ಕೆ ಬರುವಷ್ಟರಲ್ಲಿ ಕಳೆದುಹೋಗಿರುತ್ತದೆ. ಕಳೆದದ್ದನ್ನು ಲೆಕ್ಕದಿಂದ ಮರಳಿ ಪಡೆದು ರೂಪವನ್ನು ಕಟ್ಟಬೇಕು. ಇದಕ್ಕೆ ಆತನ ಕೈಯಲ್ಲಿರುವ ಮುಖ್ಯ ಉಪಕರಣ ಫ್ರೆಂಚ್ ಗಣಿತಜ್ಞ ಫೂರಿಯರ್‌ನ ಹೆಸರಿನ ಪರಿವರ್ತನೆ. 1970ರಲ್ಲಿ ರಾಮಚಂದ್ರನ್ ಅವರು ಆರ್. ಶ್ರೀನಿವಾಸನ್ ಅವರೊಡನೆ ಸ್ಫಟಿಕವಿಜ್ಞಾನದಲ್ಲಿ ಫೂರಿಯರ್ ವಿಧಾನಗಳನ್ನು ಕುರಿತು ಗ್ರಂಥವನ್ನೇ ಹೊರತಂದರು. ಆ ವಿಧಾನದ ಒಳಹೊರಗನ್ನು ಅವರಷ್ಟು ತಿಳಿದವರು ವಿರಳ. ಮರುವರ್ಷವೇ ಆ ವಿಧಾನವನ್ನು ಬದಿಗಿಡಬಹುದೆಂದು ತೋರಿಸುವ ಪ್ರಬಂಧವನ್ನು ಬರೆದವರೂ ಅವರೇ.

1970ರಲ್ಲಿ ಅವರು ಮದರಾಸನ್ನು ಬಿಟ್ಟರು. ಸತೀಶ್ ಧವನ್ ಅವರು ನಿರ್ದೇಶಕರಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆ ಅವರನ್ನು ಬರಮಾಡಿಕೊಂಡಿತು. ಅಲ್ಲಿ 1971ರಲ್ಲಿ ಅಣುಜೀವಭೌತವಿಜ್ಞಾನದ ವಿಭಾಗ ಪ್ರಾರಂಭವಾಯಿತು. ಅದೇ ಕಾಲದಲ್ಲಿ ವರ್ಷದ ಕೆಲಭಾಗವನ್ನು ಅವರು ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಕಳೆಯುತ್ತಿದ್ದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೆಗೆದ ಚಪ್ಪಟೆ ಚಿತ್ರಗಳಿಂದ ವೈರಸ್ಸುಗಳಂಥ ಸೂಕ್ಷ್ಮ ವಸ್ತುಗಳ ಮೂರು ಆಯಾಮದ ರೂಪವನ್ನು ಕಟ್ಟುವ ವಿಧಾನವನ್ನು 1968ರಲ್ಲಿ ಕೇಂಬ್ರಿಡ್ಜಿನಲ್ಲಿ ಡಿರೋಸಿಯರ್ ಮತ್ತು ಕ್ಲುಗ್ ಪ್ರಕಟಿಸಿದ್ದರು. ಅದು ಫೂರಿಯರ್ ಮಾರ್ಗ. ಅಂದಿನ ಗಣಕಯಂತ್ರಗಳಿಗೆ ಅದು ದೊಡ್ಡ ಹೊರೆ. ಲೆಕ್ಕವನ್ನು ಹಗುರಗೊಳಿಸುವುದು ಹೇಗೆ ಎಂಬುದು ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಎತ್ತಿಕೊಂಡ ಪ್ರಶ್ನೆ.

ಪ್ರಶ್ನೆಯನ್ನು ಗಣಿತದ ಚಿಹ್ನೆಗಳಿಲ್ಲದೆ ಹೀಗೆ ಹೇಳಬಹುದು. ಒಂದು ತಲೆಯ ಮೂಲಕ ಕ್ಷ-ಕಿರಣ ಹಾಯ್ದುಹೋದಾಗ ದಾರಿಯುದ್ದಕ್ಕೂ ಮೂಳೆ, ದ್ರವ, ಮೆದುಳಿನ ಅಂಗಾಂಶ ಒಂದೊಂದೂ ಕಿರಣವನ್ನು ಇಷ್ಟಿಷ್ಟು ಹೀರಿಕೊಳ್ಳುತ್ತವೆ. ಆಚೆ ಬದಿಯಲ್ಲಿ ನಾವು ಅಳೆಯುವುದು ಆ ದಾರಿಯ ಒಟ್ಟು ಮೊತ್ತವನ್ನು ಮಾತ್ರ. ಯಾವ ಬಿಂದು ಎಷ್ಟನ್ನು ಹೀರಿತೆಂಬುದು ಆ ಮೊತ್ತದಲ್ಲಿ ಕರಗಿರುತ್ತದೆ. ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ತಲೆಬುರುಡೆ ಎದ್ದು ಕಂಡು ಮೆದುಳು ಕಾಣದಿರುವುದಕ್ಕೆ ಇದೇ ಕಾರಣ. ಮೆದುಳನ್ನು ಕಾಣಬೇಕೆಂದರೆ, ಅದರ ಕುಹರಗಳಲ್ಲಿನ ದ್ರವವನ್ನು ಬಸಿದು ಗಾಳಿ ತುಂಬುವ ಕ್ರಮವೊಂದು 1919ರ ಸುಮಾರಿನಿಂದ ರೂಢಿಯಲ್ಲಿತ್ತು. ರೋಗಿಗೆ ಅದು ದಾರುಣ ಯಾತನೆ. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ರಕ್ತನಾಳಗಳಿಗೆ ಬಣ್ಣದ್ರವ್ಯವನ್ನು ಹಾಯಿಸುವ ಕ್ರಮವನ್ನು ತಂದನು. ಎರಡರಲ್ಲಿಯೂ ಮೆದುಳು ಕಾಣುವುದಿಲ್ಲ. ಅದರ ಅಂಚುಗಳಿಂದ ಊಹಿಸಬೇಕಾಗುತ್ತದೆ.

ಒಂದೇ ದಿಕ್ಕಿನ ನೆರಳಿನಲ್ಲಿ ಕಳೆದುಹೋದದ್ದು ಅನೇಕ ದಿಕ್ಕುಗಳ ನೆರಳುಗಳಲ್ಲಿ ಹಂಚಿಹೋಗಿರುತ್ತದೆ. ಎಲ್ಲ ದಿಕ್ಕುಗಳ ನೆರಳುಗಳನ್ನೂ ಕೂಡಿಸಿದರೆ ಮೂಲವನ್ನು ಮರಳಿ ಪಡೆಯಬಹುದೆಂಬುದನ್ನು ಆಸ್ಟ್ರಿಯದ ಗಣಿತಜ್ಞ ಯೋಹಾನ್ ರಾಡೊನ್ 1917ರಲ್ಲಿಯೇ ಸಾಧಿಸಿ ತೋರಿಸಿದ್ದನು. ಆದರೆ ಕೂಡಿಸುವುದೆಂದರೆ ಹೇಗೆ? ಸುಲಭವಾಗಿ ತೋಚುವ ದಾರಿ, ಪ್ರತಿಯೊಂದು ನೆರಳನ್ನೂ ಅದು ಬಂದ ದಿಕ್ಕಿನಲ್ಲಿಯೇ ಹಿಂದಕ್ಕೆ ಎಳೆದು ಹರಡುವುದು. ಎಲ್ಲ ನೆರಳುಗಳನ್ನೂ ಹೀಗೆ ಹರಡಿದರೆ ವಸ್ತು ಇದ್ದ ಜಾಗದಲ್ಲಿ ಅವು ಒಂದರ ಮೇಲೊಂದು ಬಿದ್ದು ದಟ್ಟವಾಗುತ್ತವೆ. ಚಿತ್ರವೇನೋ ಮೂಡುತ್ತದೆ. ಆದರೆ ಒಂದು ಚುಕ್ಕೆ ಇರಬೇಕಾದಲ್ಲಿ ಸುತ್ತಲೂ ಮಂಜು ಕವಿದ ಕಲೆ ಮೂಡುತ್ತದೆ. ಮೆದುಳಿನಂಥ ಸೂಕ್ಷ್ಮ ವ್ಯತ್ಯಾಸಗಳ ಅಂಗದಲ್ಲಿ ಆ ಮಂಜೇ ಎಲ್ಲವನ್ನೂ ನುಂಗಿಬಿಡುತ್ತದೆ.

ಇಬ್ಬರೂ ಕೊಟ್ಟ ಪರಿಹಾರ ನೋಡಲು ಅತ್ಯಂತ ಸರಳ. ಹಿಂದಕ್ಕೆ ಹರಡುವ ಮೊದಲೇ ಪ್ರತಿಯೊಂದು ನೆರಳನ್ನೂ ತಿದ್ದಬೇಕು. ನೆರಳಿನ ಒಂದೊಂದು ಬಿಂದುವಿನ ಬೆಲೆಯಿಂದ ಅದರ ಎಡಬಲದ ನೆರೆಯವರ ಬೆಲೆಯ ಇಂತಿಷ್ಟು ಪಾಲನ್ನು ಕಳೆಯಬೇಕು. ಎಷ್ಟು ಪಾಲು? ಬಿಂದುವಿನ ಸ್ವಂತ ತೂಕವನ್ನು 1 ಎಂದಿಟ್ಟುಕೊಂಡರೆ ಪಕ್ಕದ ಮನೆಗೆ 0.405, ಅದರಾಚೆಯ ಮನೆಗೆ ಸೊನ್ನೆ, ಮೂರನೆಯದಕ್ಕೆ 0.045, ನಾಲ್ಕನೆಯದಕ್ಕೆ ಮತ್ತೆ ಸೊನ್ನೆ, ಐದನೆಯದಕ್ಕೆ 0.016, ಹೀಗೆ ಬೆಸಸಂಖ್ಯೆಯ ಮನೆಗಳಿಗೆ ಮಾತ್ರ ಇಳಿಯುತ್ತ ಹೋಗುವ ತೂಕಗಳು, ಎಲ್ಲವೂ ಕಳೆಯತಕ್ಕವು. ಎರಡೂ ಬದಿಯ ಈ ತೂಕಗಳನ್ನು ಕೊನೆಯವರೆಗೆ ಕೂಡಿದರೆ ಸರಿಯಾಗಿ 1 ಆಗುತ್ತದೆ. ಎಂದರೆ ನೆರೆಹೊರೆಯಲ್ಲಿ ಎಲ್ಲೆಡೆಯೂ ಒಂದೇ ಸಮನಾಗಿರುವ ಛಾಯೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಬದಲಾವಣೆ ಇರುವಲ್ಲಿ ಮಾತ್ರ ಗುರುತು ಉಳಿಯುತ್ತದೆ. ಹೀಗೆ ತಿದ್ದಿದ ನೆರಳುಗಳನ್ನು ಹರಡಿದಾಗ ಮಂಜು ಮಂಜನ್ನೇ ಕಳೆದು ಚಿತ್ರ ತಿಳಿಯಾಗುತ್ತದೆ. ನೆರೆಯ ಬೆಲೆಗಳನ್ನು ತೂಕಹಾಕಿ ಕೂಡುವ ಈ ಕ್ರಿಯೆಗೆ ಗಣಿತದಲ್ಲಿ ಕನ್ವಲ್ಯೂಷನ್ ಎಂದು ಹೆಸರು. ಫೂರಿಯರ್ ವಿಧಾನಕ್ಕಿಂತ ಇದು ಸಾಮಾನ್ಯವಾಗಿ ಮೂವತ್ತು ಪಟ್ಟು ಬೇಗ ಮುಗಿಯುತ್ತದೆಂದೂ, ಹೆಚ್ಚು ನಿಖರವೆಂದೂ ಗಣಕಯಂತ್ರದಲ್ಲಿ ಕಲ್ಪಿಸಿದ ನೆರಳುಗಳ ಮೇಲೆ ಪರೀಕ್ಷಿಸಿ ಅವರು ತೋರಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶನದ ಜೊತೆಗೆ ಕ್ಷ-ಕಿರಣ ಚಿತ್ರಣಕ್ಕೂ ಇದು ಒದಗಬಹುದೆಂಬ ಸೂಚನೆ ಪ್ರಬಂಧದಲ್ಲಿಯೇ ಇದೆ.

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ವಿಚಾರ ತೀರ ಅಪರಿಚಿತವೆನಿಸಲಾರದು. ಮೂಲಪ್ರತಿ ಕೈಯಲ್ಲಿಲ್ಲ, ಇರುವುದು ಬೇರೆ ಬೇರೆ ಕಾಲದ, ಬೇರೆ ಬೇರೆ ಲಿಪಿಕಾರರ ಓಲೆಗಳು. ಒಂದೊಂದೂ ಮೂಲದ ಒಂದು ನೆರಳು. ಎಲ್ಲ ಪಾಠಗಳನ್ನೂ ಸಮಾನವಾಗಿ ಎಣಿಸಿ ಹೆಚ್ಚು ಓಲೆಗಳಲ್ಲಿ ಬಂದದ್ದನ್ನೇ ಮೂಲವೆಂದರೆ ಹಲವೊಮ್ಮೆ ದಾರಿ ತಪ್ಪುತ್ತದೆ. ಒಂದೇ ಶಾಖೆಯ ಓಲೆಗಳು ಒಂದೇ ತಪ್ಪನ್ನು ಹೊತ್ತಿರುತ್ತವೆ. ನೆರೆಯವರಿಂದ ಬಂದ ಪಾಲನ್ನು ಮೊದಲು ಕಳೆದು ಆಮೇಲೆ ಕೂಡಬೇಕೆಂಬ ವಿವೇಕ ಸಂಪಾದಕನಿಗೂ ಬೇಕು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಸಲ್ಲದು. ಓಲೆಗಳ ನೆರೆಹೊರೆಗೆ ಹೀಗೆ ನಿಖರವಾದ ತೂಕಗಳನ್ನು ಯಾರೂ ಕೊಟ್ಟಿಲ್ಲ.

ಇನ್ನು ಯಂತ್ರದ ಕಡೆಗೆ ಬರಬಹುದು. ಹೌನ್ಸ್‌ಫೀಲ್ಡ್‌ನ ಮೊದಲ ಯಂತ್ರ ತಲೆಯ ಸುತ್ತ ಒಂದೊಂದೇ ಡಿಗ್ರಿ ತಿರುಗುತ್ತ 180 ದಿಕ್ಕುಗಳಿಂದ, ದಿಕ್ಕಿಗೆ 160ರಂತೆ, ಒಟ್ಟು 28,800 ಅಳತೆಗಳನ್ನು ತೆಗೆದುಕೊಳ್ಳುತ್ತಿತ್ತು. ಚಿತ್ರದಲ್ಲಿ ಉದ್ದಕ್ಕೂ ಅಡ್ಡಕ್ಕೂ ಎಂಬತ್ತೆಂಬತ್ತು, ಅಂದರೆ 6,400 ಚೌಕಗಳು. ಅಷ್ಟು ಸಮೀಕರಣಗಳಿಂದ ಅಷ್ಟು ಅಜ್ಞಾತಗಳನ್ನು ಮತ್ತೆ ಮತ್ತೆ ಸರಿಪಡಿಸುತ್ತ ಹತ್ತಿರ ಹತ್ತಿರ ಹೋಗುವ ಬೀಜಗಣಿತದ ವಿಧಾನವನ್ನು ಆತ ಬಳಸಿದ್ದನು. ಚೌಕಗಳು ಹೆಚ್ಚಿದಂತೆ ಆ ಮಾರ್ಗ ಏದುಸಿರು ಬಿಡತೊಡಗಿತು. ಆಗ ಕನ್ವಲ್ಯೂಷನ್ ಮಾರ್ಗ ಯಂತ್ರ ನಿರ್ಮಾಪಕರ ಗಮನಕ್ಕೆ ಬಂತು. 1974ರಲ್ಲಿ ಅಮೆರಿಕದ ಷೆಪ್ ಮತ್ತು ಲೋಗನ್ ಎಂಬಿಬ್ಬರು ಕೆಲವು ದೀರ್ಘವೃತ್ತಗಳನ್ನು ಜೋಡಿಸಿ ತಲೆಯ ಗಣಿತಪ್ರತಿಕೃತಿಯೊಂದನ್ನು ಕಲ್ಪಿಸಿ, ಅದರ ಮೇಲೆ ಈ ವಿಧಾನವನ್ನು ಪರೀಕ್ಷಿಸಿ, ತೂಕಗಳನ್ನು ಒಂದಿಷ್ಟು ಬದಲಿಸಿ ಮತ್ತೂ ನಯಗೊಳಿಸಿದರು. ಲಕ್ಷ್ಮೀನಾರಾಯಣನ್ ಅಮೆರಿಕದ ಬಫಲೋ ನಗರಕ್ಕೆ ಹೋಗಿ, ಸಮಾಂತರವಲ್ಲದೆ ಬೀಸಣಿಗೆಯಂತೆ ಹರಡುವ ಕಿರಣಗಳಿಗೂ ವಿಧಾನವನ್ನು 1975ರಲ್ಲಿ ವಿಸ್ತರಿಸಿದರು. ಮೂಲ ತೂಕಗಳ ಪಟ್ಟಿಗೆ ಇಬ್ಬರ ಹೆಸರಿನ ಮೊದಲ ಭಾಗಗಳನ್ನು ಸೇರಿಸಿ ರಾಮ್-ಲಕ್ ಫಿಲ್ಟರ್ ಎಂಬ ಹೆಸರು ನಿಂತಿತು. ಸಿ.ಟಿ. ಯಂತ್ರಗಳ ಪಠ್ಯಪುಸ್ತಕಗಳಲ್ಲಿ, ಚಿತ್ರಣದ ಗಣಕ ಕಾರ್ಯಕ್ರಮಗಳಲ್ಲಿ ಈ ಹೆಸರು ಇಂದಿಗೂ ಮೊದಲ ಸಾಲಿನಲ್ಲಿದೆ. ಇದು ಭಾರತೀಯರಿಬ್ಬರ ಹೆಸರಿನ ತುಣುಕೆಂದು ಅರಿಯದೆ ಬಳಸುವವರೇ ಹೆಚ್ಚು.

1979ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಹೌನ್ಸ್‌ಫೀಲ್ಡ್ ಮತ್ತು ಆಲನ್ ಕಾರ್ಮ್ಯಾಕ್ ಅವರಿಗೆ ಸಂದಿತು. ಕಾರ್ಮ್ಯಾಕ್ 1963 ಮತ್ತು 1964ರಲ್ಲಿ ಇದೇ ಪ್ರಶ್ನೆಯ ಗಣಿತವನ್ನು ಬಿಡಿಸಿ ಪ್ರಕಟಿಸಿದ್ದವನು. ರಾಮಚಂದ್ರನ್ ಅವರಿಗೆ ಅನ್ಯಾಯವಾಯಿತೆಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಸಂಸ್ಮರಣ ಸಂಪುಟಗಳಲ್ಲಿ ಅತಿಶಯೋಕ್ತಿಗೆ ರಿಯಾಯಿತಿ ಉಂಟಾದರೂ ಈ ಮಾತನ್ನು ಹಾಗೆಯೇ ಒಪ್ಪುವುದು ಕಷ್ಟ. ಯಂತ್ರ ಅವರದಲ್ಲ, ಮೂಲ ಪ್ರಮೇಯ ರಾಡೊನ್‌ನದು, ಕನ್ವಲ್ಯೂಷನ್ನಿನ ಮಾರ್ಗವನ್ನೇ ಬ್ರೇಸ್‌ವೆಲ್ ಮತ್ತು ರಿಡಲ್ ಎಂಬ ರೇಡಿಯೋ ಖಗೋಳಜ್ಞರು 1967ರಲ್ಲಿ ಆಕಾಶದ ಚಿತ್ರಗಳಿಗಾಗಿ ಕಂಡುಕೊಂಡಿದ್ದರು. ಬೆಂಗಳೂರಿನ ಪ್ರಬಂಧದ ಹೆಚ್ಚಳ ಬೇರೆ ಕಡೆಯಲ್ಲಿದೆ. ಯಾವ ಎಂಜಿನಿಯರನೂ ಓದಿ ಮರುದಿನವೇ ಗಣಕಯಂತ್ರಕ್ಕೆ ಊಡಿಸಬಹುದಾದಷ್ಟು ಸ್ಪಷ್ಟವಾಗಿ ಅದು ಲೆಕ್ಕವನ್ನು ಬರೆದುಕೊಟ್ಟಿತು. ನೊಬೆಲ್ಲಿಗೆ ಅರ್ಹವೆನಿಸಬಹುದಾದ ಕೆಲಸವನ್ನು ಅವರು ಕೊಲ್ಯಾಜೆನ್ ಮತ್ತು ಪ್ರೋಟೀನುಗಳ ಕ್ಷೇತ್ರದಲ್ಲಿ ಮಾಡಿದ್ದರೆಂಬುದು ಬೇರೆಯ ವಾದ. ಅದಕ್ಕೆ ಆಧಾರಗಳು ಬಲವಾಗಿವೆ.

ಇಷ್ಟಾದರೂ ಸಿ.ಟಿ. ಯಂತ್ರ ತೋರಿಸಿದ್ದು ಮೆದುಳಿನ ರಚನೆಯನ್ನು. ಮೆದುಳಿನ ಕೆಲಸ ಅದರಲ್ಲಿ ಕಾಣುವುದಿಲ್ಲ. ನಿದ್ರಿಸುವವನ ಚಿತ್ರಕ್ಕೂ ಲೆಕ್ಕ ಮಾಡುವವನ ಚಿತ್ರಕ್ಕೂ ಭೇದವಿಲ್ಲ. ಕೆಲಸವನ್ನು ಕಾಣುವ ದಾರಿ ತೆರೆದದ್ದು ಪಾಸಿಟ್ರಾನ್ ಚಿತ್ರಣದಿಂದ. ಅದಕ್ಕೆ ಆಧಾರವಾದದ್ದೂ ಇದೇ ಲೆಕ್ಕ. ದುಡಿಯುವ ಮೆದುಳಿನ ಭಾಗ ಹೆಚ್ಚು ಗ್ಲೂಕೋಸನ್ನು ಬೇಡುತ್ತದೆ, ಹೆಚ್ಚು ರಕ್ತವನ್ನು ಸೆಳೆದುಕೊಳ್ಳುತ್ತದೆ. ಅಲ್ಪಾಯುಷಿಯಾದ ವಿಕಿರಣಶೀಲ ಪರಮಾಣುವನ್ನು ಗ್ಲೂಕೋಸಿನಂಥ ಅಣುವಿಗೋ ನೀರಿಗೋ ಅಂಟಿಸಿ ರಕ್ತಕ್ಕೆ ಬಿಟ್ಟರೆ ಅದು ದುಡಿಮೆ ಇರುವಲ್ಲಿ ಹೆಚ್ಚಾಗಿ ಸೇರುತ್ತದೆ. ಅಲ್ಲಿ ಹೊಮ್ಮುವ ಪಾಸಿಟ್ರಾನ್ ಎಲೆಕ್ಟ್ರಾನನ್ನು ಸಂಧಿಸಿ ಎರಡೂ ಇಲ್ಲವಾದಾಗ ಎರಡು ಗ್ಯಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಚಿಮ್ಮುತ್ತವೆ. ತಲೆಯ ಸುತ್ತ ಬಳೆಯಂತೆ ಇಟ್ಟ ಗ್ರಾಹಕಗಳಲ್ಲಿ ಎರಡು ಒಮ್ಮೆಗೇ ಮಿಡಿದರೆ ಘಟನೆ ಅವೆರಡನ್ನು ಸೇರಿಸುವ ರೇಖೆಯ ಮೇಲೆ ನಡೆಯಿತೆಂದು ತಿಳಿಯುತ್ತದೆ. ರೇಖೆಯ ಮೇಲೆ ಎಲ್ಲಿ ಎಂಬುದು ತಿಳಿಯುವುದಿಲ್ಲ. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಫ್ಲೂರಿನ್-18 ಸೇರಿಸಿದ ಗ್ಲೂಕೋಸ್ ಸದೃಶ ಅಣುವನ್ನು 1976ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಡಲಾಯಿತು. ಅದರ ಅರ್ಧಾಯುಷ್ಯ 110 ನಿಮಿಷ. ಮುಂದಿನ ಎರಡು ದಶಕಗಳ ಪಾಸಿಟ್ರಾನ್ ಚಿತ್ರಗಳು ಬಹುಮಟ್ಟಿಗೆ ನೆರಳುಗಳನ್ನು ತಿದ್ದಿ ಹಿಂದಕ್ಕೆ ಹರಡುವ ವಿಧಾನದಿಂದಲೇ ರೂಪುಗೊಂಡವು.

ಭಾಷೆಯ ವಿದ್ಯಾರ್ಥಿಗಳು ಈ ಚರಿತ್ರೆಯಲ್ಲಿ ನಿಂತು ನೋಡಬೇಕಾದ ತಾಣ 1988. ಆ ವರ್ಷ ಸೇಂಟ್ ಲೂಯಿಸ್‌ನ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದ ಪೀಟರ್ಸನ್, ರೇಚೆಲ್ ಮೊದಲಾದವರು ಬಿಡಿ ಪದಗಳನ್ನು ಮೆದುಳು ನಿರ್ವಹಿಸುವ ಬಗೆಯನ್ನು ಪಾಸಿಟ್ರಾನ್ ಚಿತ್ರಗಳಿಂದ ಅಭ್ಯಾಸ ಮಾಡಿದರು. ಪದವನ್ನು ಸುಮ್ಮನೆ ನೋಡುವುದು, ಕೇಳುವುದು, ಅದನ್ನು ಉಚ್ಚರಿಸುವುದು, ನಾಮಪದಕ್ಕೆ ತಕ್ಕ ಕ್ರಿಯಾಪದವನ್ನು ಹುಡುಕಿ ಹೇಳುವುದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಲಸಗಳನ್ನು ಕೊಟ್ಟು, ಮೇಲಿನ ಮೆಟ್ಟಿಲಿನ ಚಿತ್ರದಿಂದ ಕೆಳಗಿನದನ್ನು ಕಳೆದರು. ನೋಡುವಾಗ ಹಿಂಭಾಗ, ಕೇಳುವಾಗ ಕಪೋಲದ ಪಕ್ಕದ ಭಾಗ, ಕ್ರಿಯಾಪದವನ್ನು ಹುಡುಕುವಾಗ ಎಡಮುಂಭಾಗ ಎದ್ದು ಕಂಡವು. ಪತ್ರಿಕೆಗಳಲ್ಲಿ ಅಚ್ಚಾಗುವ ಕೆಂಪು ಹಳದಿ ಬಣ್ಣಗಳನ್ನು ನೋಡಿ ಮೆದುಳಿನ ಆ ಮೂಲೆ ಮಾತ್ರ ಉರಿಯುತ್ತಿದೆಯೆಂದು ಭಾವಿಸುವುದು ತಪ್ಪು. ಮೆದುಳು ಯಾವಾಗಲೂ ಎಲ್ಲೆಡೆಯೂ ದುಡಿಯುತ್ತಿರುತ್ತದೆ. ಬಣ್ಣ ಸೂಚಿಸುವುದು ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸವನ್ನು, ಅದೂ ಸಂಖ್ಯಾಶಾಸ್ತ್ರದ ಒರೆಗೆ ಹಚ್ಚಿದ ವ್ಯತ್ಯಾಸವನ್ನು.

ಆ ಬಳಿಕ ಅಯಸ್ಕಾಂತೀಯ ಅನುರಣನದ ಚಿತ್ರಣ ಬಂತು. 1973ರಲ್ಲಿ ಲಾಟರ್‌ಬರ್ ತೆಗೆದ ಮೊದಲ ಅನುರಣನ ಚಿತ್ರ ಹಲವು ದಿಕ್ಕುಗಳ ನೆರಳುಗಳಿಂದಲೇ ಕೂಡಿಬಂದದ್ದಾದರೂ ಆ ಕ್ಷೇತ್ರ ಬೇಗನೆ ಫೂರಿಯರ್ ಮಾರ್ಗಕ್ಕೆ ತಿರುಗಿತು. 1990ರಲ್ಲಿ ಸೇಜಿ ಒಗಾವ ರಕ್ತದ ಆಮ್ಲಜನಕದ ಏರಿಳಿತವನ್ನೇ ಗುರುತಾಗಿಸಿಕೊಂಡು ವಿಕಿರಣದ ಹಂಗಿಲ್ಲದೆ ಮೆದುಳಿನ ಕೆಲಸವನ್ನು ಕಾಣುವ ಹಾದಿ ತೋರಿದನು. ರಾಮಚಂದ್ರನ್ ಬದಿಗಿಡಬಹುದೆಂದು ತೋರಿಸಿದ್ದ ಗಣಿತ ಹೀಗೆ ಮುಂಬಾಗಿಲಿನಿಂದ ಮರಳಿ ಬಂತು. ಆ ಗಣಿತದ ಗ್ರಂಥವನ್ನು ಬರೆದವರೂ ಅವರೇ ಆದ್ದರಿಂದ ಇದನ್ನು ಸೋಲೆಂದು ಎಣಿಸಬೇಕಿಲ್ಲ.

ಈ ಹೊಸ ವಿಧಾನದ ಅಧ್ಯಯನಗಳು ನಮ್ಮ ದೇಶದ ಲಿಪಿಗಳ ಬಳಿಗೂ ಬಂದಿವೆ. ದೆಹಲಿಯ ದ್ವಾರಕೆಯಿಂದ ಗುರುಗ್ರಾಮವನ್ನು ದಾಟಿ ಜಯಪುರದ ಹೆದ್ದಾರಿಯಲ್ಲಿ ಮುಂದುವರಿದರೆ ಮಾನೇಸರದಲ್ಲಿ ರಾಷ್ಟ್ರೀಯ ಮೆದುಳು ಸಂಶೋಧನ ಕೇಂದ್ರವಿದೆ. ಅಲ್ಲಿನ ನಂದಿನಿ ಚಟರ್ಜಿ ಸಿಂಗ್ ಅವರ ತಂಡ, ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಪ್ರಕಾಶ್ ಪಡಕಣ್ಣಾಯ ಅವರೂ ಸೇರಿ, ಹಿಂದಿ ಮತ್ತು ಇಂಗ್ಲಿಷ್ ಎರಡನ್ನೂ ಓದಬಲ್ಲವರ ಮೆದುಳನ್ನು ಕುರಿತು 2011ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿತು. ಐದನೆಯ ವಯಸ್ಸಿನಲ್ಲಿಯೇ ಎರಡೂ ಲಿಪಿಗಳನ್ನು ಕಲಿತ ಹದಿನಾಲ್ಕು ಮಂದಿಯಲ್ಲಿ, ಬರೆದಂತೆ ಓದುವ ಹಿಂದಿಗೆ ಮೆದುಳಿನ ಒಂದು ದಾರಿ, ಬರೆದಂತೆ ಓದಲಾಗದ ಇಂಗ್ಲಿಷಿಗೆ ಇನ್ನೊಂದು ದಾರಿ ಹೆಚ್ಚಾಗಿ ಬಳಕೆಯಾಗುವುದು ಕಂಡುಬಂತು. ಐದಕ್ಕೆ ಹಿಂದಿಯನ್ನೂ ಹತ್ತಕ್ಕೆ ಇಂಗ್ಲಿಷನ್ನೂ ಕಲಿತ ಹತ್ತು ಮಂದಿ ಎರಡಕ್ಕೂ ಹಿಂದಿಯ ದಾರಿಯನ್ನೇ ಹೆಚ್ಚಾಗಿ ಹಿಡಿದಿದ್ದರು. ಕನ್ನಡವೂ ಬರೆದಂತೆ ಓದುವ ಭಾಷೆಯೇ. ದ್ವಾರಕೆಯಂಥ ಬಡಾವಣೆಗಳಲ್ಲಿ ಬೆಳೆಯುತ್ತ ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ಹಿಂದಿ, ಇಂಗ್ಲಿಷುಗಳನ್ನೂ ಓದಲು ಕಲಿಯುವ ಮಕ್ಕಳ ತಲೆಯಲ್ಲಿ ಈ ದಾರಿಗಳು ಹೇಗೆ ಕವಲೊಡೆಯುತ್ತವೆಂಬುದು ಕನ್ನಡ ವಿಭಾಗಗಳೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಕನ್ನಡವನ್ನು ಯಾವ ವಯಸ್ಸಿನಲ್ಲಿ ಓದಲು ಕಲಿಸಬೇಕೆಂಬ ಹಳೆಯ ವಾಗ್ವಾದದಲ್ಲಿ ಭಾವಾವೇಶ ಬೇಕಾದಷ್ಟು ಬಂದಿದೆ. ಇಂಥ ಸಾಕ್ಷ್ಯ ಬಂದದ್ದು ಕಡಿಮೆ. ಹದಿನಾಲ್ಕು ಮತ್ತು ಹತ್ತು ಮಂದಿಯ ಅಧ್ಯಯನದಿಂದ ಶಿಕ್ಷಣನೀತಿಯನ್ನು ಬರೆಯಲಾಗದೆಂಬುದೂ ನೆನಪಿರಬೇಕು.

ರಾಮಚಂದ್ರನ್ ಅವರ ಉತ್ತರಜೀವನಕ್ಕೆ ಮರಳೋಣ. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಚಿತ್ರಣದ ಗಣಿತಕ್ಕೆ ಅವರು ಹೆಚ್ಚು ಕಾಲ ಅಂಟಿಕೊಳ್ಳಲಿಲ್ಲ. ಮುಂದಿನ ವರ್ಷಗಳಲ್ಲಿ ಅವರ ಮನಸ್ಸು ತರ್ಕಶಾಸ್ತ್ರದ ಕಡೆಗೆ ಹರಿಯಿತು. ಜೈನರ ಸ್ಯಾದ್ವಾದದಿಂದ ಹೆಸರನ್ನು ಪಡೆದು ಸ್ಯಾದ್ ನ್ಯಾಯ ಪದ್ಧತಿ ಎಂಬ ತರ್ಕಗಣಿತವನ್ನು 1980ರ ದಶಕದಲ್ಲಿ ಅವರು ರೂಪಿಸಿದರು. ಅದರಲ್ಲಿ ಒಂದು ಹೇಳಿಕೆ ನಿಜ ಅಥವಾ ಸುಳ್ಳು ಮಾತ್ರವಲ್ಲದೆ ಸಂದಿಗ್ಧವೂ ಆಗಿರಬಹುದು, ಅಸಾಧ್ಯವೂ ಆಗಿರಬಹುದು. ನಾಲ್ಕನ್ನೂ ಸೊನ್ನೆ ಮತ್ತು ಒಂದರ ಜೋಡಿಗಳಿಂದ ಬರೆದು ಗಣಕಯಂತ್ರಕ್ಕೆ ಒಪ್ಪಿಸಬಹುದು. ಪಂಪ, ರನ್ನರನ್ನು ಓದುವ ನಮಗೆ ಸ್ಯಾದ್ವಾದ ಹೊಸತಲ್ಲ. ಒಬ್ಬ ಭೌತವಿಜ್ಞಾನಿ ಅದನ್ನು ಧರ್ಮದ ಅಭಿಮಾನಕ್ಕಾಗಿ ಎತ್ತದೆ ಲೆಕ್ಕದ ಉಪಕರಣವಾಗಿ ಪರೀಕ್ಷಿಸಿದನೆಂಬುದು ಹೊಸತು. ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಈ ಕೆಲಸವನ್ನು ಹಿಂಬಾಲಿಸಲಿಲ್ಲ; ಅದರ ಬೆಲೆ ಕಟ್ಟುವ ಕೆಲಸ ಇನ್ನೂ ಬಾಕಿಯಿದೆ.

ಕೊನೆಯ ವರ್ಷಗಳಲ್ಲಿ ಪಾರ್ಕಿನ್‌ಸನ್ ಕಾಯಿಲೆ ಅವರನ್ನು ಹಿಡಿಯಿತು. ಮೆದುಳಿನ ಆಳದಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ತಯಾರಿಸುವ ಕೋಶಗಳು ಸಾಯುತ್ತ ಹೋಗುವುದರಿಂದ ಬರುವ ಕಾಯಿಲೆ ಅದು. ಕೈಕಾಲು ನಡುಗುತ್ತವೆ, ಚಲನೆ ಬಿಗಿಯಾಗುತ್ತದೆ. ಸಿ.ಟಿ. ಚಿತ್ರದಲ್ಲಿ ಅದು ಕಾಣುವುದಿಲ್ಲ, ರಚನೆ ಸರಿಯಾಗಿಯೇ ಇರುವಂತೆ ತೋರುತ್ತದೆ. ಜೀವಂತ ಮನುಷ್ಯನಲ್ಲಿ ಡೋಪಮೈನಿನ ನೆಲೆಗಳನ್ನು ಪಾಸಿಟ್ರಾನ್ ಚಿತ್ರಣದಿಂದ ಮೊದಲು ಕಂಡದ್ದು 1983ರಲ್ಲಿ, ಕೆನಡದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದಲ್ಲಿ, ಗಾರ್ನೆಟ್ ಮತ್ತು ಸಂಗಡಿಗರು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. ಐವತ್ತಮೂರು ವರ್ಷ ಜೊತೆಗಿದ್ದವರ ಅಗಲಿಕೆ ಅವರನ್ನು ತೀರ ಕುಗ್ಗಿಸಿತು. ಮರುವರ್ಷ ಅಂತಾರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟ ತನ್ನ ಎವಾಲ್ಡ್ ಪ್ರಶಸ್ತಿಯನ್ನು ಅವರಿಗೆ ಕೊಟ್ಟಿತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ರಾಮಚಂದ್ರನ್ ನಿಧನರಾದರು. ಅವರಿಗೆ ಆಗ ಎಪ್ಪತ್ತೆಂಟು ವರ್ಷ.